ಪಾರ್ನ್ ಚಟ: ಬಿಟ್ಟದ್ದು ಮತ್ತೆ ಯಾಕೆ ಬರುತ್ತದೆ, ಪೂರ್ತಿ ಬಿಡುವುದು ಹೇಗೆ?

ಶಬರಿಮಲೆಗೆ ಮಾಲೆ ಹಾಕಿಕೊಂಡವರನ್ನು ನೋಡಿದ್ದೀರಿ ಅಲ್ವಾ? ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುವವನು, ಸಂಜೆಯಾದರೆ ಬಾರ್ ಕಡೆಗೇ ಕಾಲು ಹಾಕುವವನು 41 ದಿನ ಅದರ ಸುದ್ದಿಗೇ ಹೋಗುವುದಿಲ್ಲ. ಬ್ರಹ್ಮಚರ್ಯವೂ ಆ ವ್ರತದ ಭಾಗ. ಹಾಗಾಗಿ ಫೋನಿನಲ್ಲಿ ಪಾರ್ನ್ ನೋಡುವ ಚಟ ಇದ್ದವರೂ ಆ 41 ದಿನ ಅದನ್ನು ಬದಿಗಿಡುತ್ತಾರೆ. ಅದೇ ಮನುಷ್ಯ ಯುಗಾದಿಯ ದಿನ "ಇವತ್ತಿಂದ ಮುಟ್ಟಲ್ಲ" ಅಂತ ದೇವರ ಮುಂದೆ ಆಣೆ ಮಾಡಿದರೆ ಮೂರು ದಿನ ತಡೆಯುವುದೂ ಕಷ್ಟ. ಇನ್ನು ಮಾಲೆ ತೆಗೆದ ಮೇಲೆ? ಎಷ್ಟೋ ಜನರಿಗೆ ವಾರದೊಳಗೆ ಮತ್ತೆ ಅದೇ ರಾಗ, ಅದೇ ಹಾಡು.

ಆ 41 ದಿನ ಸಾಧ್ಯವಾದದ್ದು ಹೇಗೆ? 42ನೇ ದಿನ ಏನಾಯಿತು? ಭಕ್ತಿ, ಭಯ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದು. ಅವೆರಡೂ ಇವೆ ನಿಜ. ಆದರೆ ಯುಗಾದಿಯ ಆಣೆಯಲ್ಲೂ ಭಕ್ತಿ ಇತ್ತಲ್ಲ! ಬೇರೇನೋ ಇದೆ. ಅದೇನು ಅಂತ ತಿಳಿಯಲು ಸ್ವಲ್ಪ ಬುಡದಿಂದ ಬರೋಣ.

ಮೊದಲು ಕಷ್ಟಪಡಬೇಕಿತ್ತು

ಇಪ್ಪತ್ತೈದು ವರ್ಷದ ಹಿಂದೆ ಇಂಥದ್ದನ್ನು ನೋಡಬೇಕೆಂದರೆ ಸೈಬರ್ ಕೆಫೆಯ ಮೂಲೆಯ ಕ್ಯಾಬಿನ್ ಹುಡುಕಬೇಕಿತ್ತು. ಗಂಟೆಗೆ ದುಡ್ಡು ಕೊಡಬೇಕಿತ್ತು. ಪರಿಚಯದವರು ಯಾರಾದರೂ ಒಳಗೆ ಬಂದಾರೇನೋ ಅಂತ ಬಾಗಿಲ ಕಡೆ ಒಂದು ಕಣ್ಣಿಡಬೇಕಿತ್ತು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಬೆಲೆ ನೆಲಕ್ಕಿಳಿಯಿತು. ಈಗ ಹಾಸಿಗೆ, ಹೊದಿಕೆ, ಫೋನು ಇಷ್ಟಿದ್ದರೆ ಸಾಕು.

ಸರ್ಕಾರ ತಡೆಯಲು ನೋಡಲಿಲ್ಲ ಅಂತಲ್ಲ. 2015ರ ಆಗಸ್ಟ್‌ನಲ್ಲಿ 857 ಸೈಟ್‌ಗಳನ್ನು ಮುಚ್ಚಿಸಲು ಹೊರಟು, ಗಲಾಟೆಯಾದ ಮೇಲೆ ಕೆಲವೇ ದಿನದಲ್ಲಿ ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಆದೇಶದ ನಂತರ 827 ಸೈಟ್‌ಗಳಿಗೆ ತಡೆ ಬಿತ್ತು. ಜನ ತಡೆ ದಾಟಿಸುವ ವಿಪಿಎನ್ ಆ್ಯಪ್ ಹಾಕಿಕೊಂಡರು, ಸೈಟ್‌ಗಳು ಹೆಸರು ಬದಲಿಸಿಕೊಂಡವು. ಊರಿಗೆಲ್ಲ ಒಂದೇ ಬೇಲಿ ಹಾಕಿ ಈ ಚಟ ಬಿಡಿಸಲು ಆಗಲಿಲ್ಲ.

ಅಭ್ಯಾಸ ಯಾವುದು, ಚಟ ಯಾವುದು, ಕಾಯಿಲೆ ಯಾವುದು?

ಈ ಪದಗಳನ್ನು ನಾವು ಕಲಸಿಬಿಡುತ್ತೇವೆ. ಊಟವಾದ ಮೇಲೆ ಎಲೆ ಅಡಿಕೆ ಹಾಕುವುದು ಅಭ್ಯಾಸ. ಮನೆಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ಇಲ್ಲದಿದ್ದಾಗ ಮನಸ್ಸು ಅದನ್ನೇ ಕೆದಕುತ್ತಿದ್ದರೆ, ಮಳೆಯಲ್ಲಾದರೂ ಸರಿ ಅಂಗಡಿಗೆ ಓಡುವಂತಾದರೆ ಚಟ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ "ಪಾರ್ನ್ ಅಡಿಕ್ಷನ್" ಅನ್ನುವ ಹೆಸರೇ ಇಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ, ಲೈಂಗಿಕ ವರ್ತನೆಯ ಮೇಲೆ ಹಿಡಿತ ತಪ್ಪುವ ತೊಂದರೆ ಅಂತ ಒಂದು ಸೇರಿದೆ. ಹಿಡಿತ ಮೀರಿದ ಪಾರ್ನ್ ಚಟವನ್ನು ವೈದ್ಯರು ಅದರಡಿ ನೋಡುತ್ತಾರೆ. ವಿಡಿಯೊ ಗೇಮ್‌ನ ಗೀಳನ್ನು ಆ ಪಟ್ಟಿ ಜೂಜಿನ ಜೊತೆ ವ್ಯಸನಗಳ ಸಾಲಿನಲ್ಲಿಟ್ಟಿದೆ. ಇದನ್ನು ಮಾತ್ರ ಬೇರೆ ಸಾಲಿನಲ್ಲಿ, ಒಳಗಿನ ತುಡಿತ ತಡೆಯಲಾಗದ ತೊಂದರೆಗಳ ಜೊತೆ ಇಟ್ಟಿದೆ. ಇದು ಹೆಂಡದ ಚಟದಂಥದ್ದು ಹೌದೋ ಅಲ್ಲವೋ ಅನ್ನುವುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ.

ದಿನಕ್ಕೆ ಎಷ್ಟು ಗಂಟೆ ನೋಡಿದರೆ ಕಾಯಿಲೆ? ಹಾಗೆ ಲೆಕ್ಕ ಇಲ್ಲ. ವೈದ್ಯರು ಕೇಳುವುದೇ ಬೇರೆ. ಬಿಡಬೇಕೆಂದು ಮತ್ತೆ ಮತ್ತೆ ನೋಡಿಯೂ ಆಗಲಿಲ್ಲವೇ? ನಿದ್ದೆ, ಕೆಲಸ, ಓದು, ಮನೆಯವರು ಎಲ್ಲ ಹಿಂದೆ ಬಿದ್ದಿದ್ದಾರೆಯೇ? ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ನಡೆದಿದೆಯೇ? ಖುಷಿಯೇ ಸಿಗದಿದ್ದರೂ ಕೈ ಅತ್ತ ಹೋಗುತ್ತದೆಯೇ? ಇಂಥದ್ದು ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ನಡೆದು, ಬದುಕಿಗೆ ನಿಜವಾಗಿ ಪೆಟ್ಟು ಬಿದ್ದಿದ್ದರೆ ಕಾಯಿಲೆ ಅಂತ ಯೋಚಿಸುತ್ತಾರೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಮಾತಿದೆ. "ಇದು ಪಾಪ" ಅನ್ನುವ ಸಂಕಟ ಒಂದೇ ಇದ್ದರೆ ಅದು ಕಾಯಿಲೆ ಅಲ್ಲ. ತಿಂಗಳಿಗೊಮ್ಮೆ ನೋಡಿ ಇಡೀ ತಿಂಗಳು ತನ್ನನ್ನೇ ಶಪಿಸಿಕೊಳ್ಳುವವರಿದ್ದಾರೆ. ಅವರಿಗೂ ಬಿಡುವ ಹಕ್ಕಿದೆ, ಬಿಡಬಹುದು. ಆದರೆ ತಲೆ ಕೆಟ್ಟಿದೆ ಅಂತ ಅಂದುಕೊಳ್ಳಬೇಕಿಲ್ಲ.

ಗೋಡೆ ಜಾಹೀರಾತು ಹೇಳುವ ಸುಳ್ಳು

ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆ ಮೇಲೆ ಅಂಟಿಸಿರುತ್ತಾರಲ್ಲ, "ನರದೌರ್ಬಲ್ಯ, ಗುಪ್ತರೋಗ, ಇಂದೇ ಭೇಟಿ ಮಾಡಿ" ಅಂತ? ಈ ಚಟದ ಬಗ್ಗೆ ನಮ್ಮ ಹುಡುಗರಿಗೆ ಸಿಗುವ ಮೊದಲ ಪಾಠ ಎಷ್ಟೋ ಸಲ ಅದೇ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ, ಹೋದರೆ ಮುಗಿಯಿತು ಅನ್ನುವ ಲೆಕ್ಕ. ಈ ಭಯದಿಂದಲೇ ಸುಸ್ತು, ನಿದ್ದೆಗೇಡು, ಎದೆ ಢವಢವ ಶುರುವಾಗುವುದಕ್ಕೆ ಮನೋವೈದ್ಯರು "ಧಾತ್ ಸಿಂಡ್ರೋಮ್" ಅನ್ನುತ್ತಾರೆ. ಭಾರತದ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಇಟ್ಟ ಹೆಸರು ಅದು.

ಹಸ್ತಮೈಥುನದಿಂದ ನರ ಸೋಲುವುದಿಲ್ಲ, ರಕ್ತ ಕಡಿಮೆಯಾಗುವುದಿಲ್ಲ. ಪಾರ್ನ್ ಚಟ ಬೇರೆ ವಿಷಯ. ಅದರ ತೊಂದರೆ ಇರುವುದು ಸಮಯದಲ್ಲಿ, ನಿದ್ದೆಯಲ್ಲಿ, ಸಂಬಂಧಗಳಲ್ಲಿ, ಹಿಡಿತ ತಪ್ಪುವುದರಲ್ಲಿ. ಹೆಂಡತಿಯ ಜೊತೆಗಿರುವಾಗ ಮನಸ್ಸು ಏಳುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅದಕ್ಕೆ ಪಾರ್ನೇ ಕಾರಣವಾ ಅನ್ನುವುದರ ಬಗ್ಗೆ ಸಂಶೋಧನೆಗಳು ಒಂದೇ ಮಾತು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಆತಂಕ ಕೂಡ ಕಾರಣ ಇರಬಹುದು. ಆದ್ದರಿಂದ ಗೋಡೆ ಮೇಲಿನ ನಂಬರಿಗಲ್ಲ, ಎಂಬಿಬಿಎಸ್ ಓದಿದ ವೈದ್ಯರಿಗೆ ತೋರಿಸಿ.

ತಲೆಯೊಳಗೆ ನಡೆಯುವುದೇನು?

ಡೋಪಮಿನ್ ಅನ್ನುವ ಹೆಸರು ಕೇಳಿರುತ್ತೀರಿ. "ಖುಷಿ ಕೊಡುವ ರಸ" ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದು ಅರ್ಧ ಸತ್ಯ.

1990ರ ದಶಕದಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು, ಮಿದುಳಿನ ಡೋಪಮಿನ್ ಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೂ ಮುಂಚೆ ಒಂದು ಸೂಚನೆ ಬರುತ್ತದೆ ಅಂತ ಕೋತಿ ಕಲಿತ ಮೇಲೆ, ಸೂಚನೆ ಕಂಡಾಗಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು! ನಮ್ಮಲ್ಲೂ ಅಷ್ಟೇ. ಒಗ್ಗರಣೆ ಚಟಪಟ ಅಂದಾಗ ಬಾಯಲ್ಲಿ ನೀರು ಬರುವಷ್ಟು, ತಟ್ಟೆಯಲ್ಲಿ ಹತ್ತನೇ ತುತ್ತು ತಿನ್ನುವಾಗ ಬರುವುದಿಲ್ಲ.

ಕೆಂಟ್ ಬೆರಿಜ್ ಎಂಬ ಇನ್ನೊಬ್ಬರು ಇಲಿಗಳ ಮಿದುಳಿನಿಂದ ಡೋಪಮಿನ್ ಅನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು ನೋಡಿದರು. ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಇಲಿ ಮೊದಲಿನಂತೆಯೇ ತುಟಿ ಸವರಿಕೊಂಡಿತು. ರುಚಿ ಹೋಗಿರಲಿಲ್ಲ. ಆದರೆ ಆಹಾರ ಎದುರಿಗಿದ್ದರೂ ಹೋಗಿ ತಿನ್ನುವ ಮನಸ್ಸೇ ಅದಕ್ಕಿರಲಿಲ್ಲ. ಅಂದರೆ ಡೋಪಮಿನ್ ಸವಿಯುವುದಕ್ಕಿಂತ ಜಾಸ್ತಿ, ಬೇಕು ಅನ್ನಿಸುವುದರ ಹಿಂದೆ ಇರುವ ಶಕ್ತಿ. "ಬೇಕು" ಬೇರೆ, "ಇಷ್ಟ" ಬೇರೆ.

ಚಟದಲ್ಲಿ ಇವೆರಡರ ನಂಟು ಕಡಿಯುತ್ತದೆ. "ಬೇಕು" ಬೆಳೆಯುತ್ತಾ ಹೋಗುತ್ತದೆ, "ಇಷ್ಟ" ಇದ್ದಲ್ಲೇ ಇರುತ್ತದೆ ಅಥವಾ ಕುಗ್ಗುತ್ತದೆ. ಹೊಟ್ಟೆ ತುಂಬಿದ್ದರೂ ಕಡ್ಲೆಕಾಯಿ ಪೊಟ್ಟಣದೊಳಗೆ ಕೈ ಹೋಗುತ್ತಲೇ ಇರುತ್ತದಲ್ಲ, ಹಾಗೆ.

ಇನ್ನೊಂದು, ಹೊಸದರ ಸೆಳೆತ. ಗಂಡು ಇಲಿ ಒಂದು ಹೆಣ್ಣಿನ ಜೊತೆ ಕೂಡಿ ಸುಸ್ತಾಗಿರುತ್ತದೆ. ಹೊಸ ಹೆಣ್ಣನ್ನು ಬಿಟ್ಟರೆ ಮತ್ತೆ ಚುರುಕಾಗುತ್ತದೆ. ಪಾರ್ನ್ ಸೈಟಿನಲ್ಲಿ ಪ್ರತಿ ಕ್ಲಿಕ್ಕೂ ಹೊಸದೇ. ಚಟ ಇದ್ದವರನ್ನು ಕೇಳಿ ನೋಡಿ: ಒಂದೂವರೆ ಗಂಟೆಯಲ್ಲಿ ಒಂದು ವಿಡಿಯೊವನ್ನೂ ಪೂರ್ತಿ ನೋಡಿರುವುದಿಲ್ಲ. ಒಂದರ ಮೇಲೊಂದು ಟ್ಯಾಬ್ ತೆರೆಯುತ್ತಾ ಹೋಗಿರುತ್ತಾರೆ. ಸಂತೆಯಲ್ಲಿ ಏನೂ ಕೊಳ್ಳದೆ "ಮುಂದಿನ ಅಂಗಡಿಯಲ್ಲಿ ಇನ್ನೂ ಚೆನ್ನಾಗಿರಬಹುದು" ಅಂತ ಕಾಲು ನೋಯುವವರೆಗೆ ಸುತ್ತುವವರ ಹಾಗೆ.

ಒಂದು ರಾತ್ರಿಯನ್ನು ಬಿಡಿಸಿ ನೋಡೋಣ

ಬೆಂಗಳೂರಿನ ಪಿಜಿಯಲ್ಲಿರುವ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ವಯಸ್ಸು 26. ಸಂಜೆ ಆರೂವರೆಗೆ ಮ್ಯಾನೇಜರ್ ಎಲ್ಲರೆದುರು ಬೈದಿದ್ದಾರೆ. ಬಸ್ಸಿನಲ್ಲಿ ನಿಂತೇ ಒಂದೂಕಾಲು ಗಂಟೆ. ಪಿಜಿಯಲ್ಲಿ ಆರಿದ ಚಪಾತಿ ನೋಡಿ ಅರ್ಧಕ್ಕೇ ಕೈ ತೊಳೆದ. ರೂಮ್‌ಮೇಟ್ ಊರಿಗೆ ಹೋಗಿದ್ದಾನೆ. ಹತ್ತೂವರೆಗೆ ದೀಪ ಆರಿಸಿದ. ಫೋನು ದಿಂಬಿನ ಪಕ್ಕದಲ್ಲೇ ಚಾರ್ಜ್‌ಗೆ ಹಾಕಿದೆ. ಸುಮ್ನೆ ಹತ್ತು ನಿಮಿಷ ಅಂತ ರೀಲ್ಸ್ ತೆರೆದ. ಕ್ರಿಕೆಟ್, ಅಡುಗೆ, ಒಂದು ಡಾನ್ಸ್, ಇನ್ನೊಂದು ಡಾನ್ಸ್. ಅಲ್ಲಿ ಹೆಬ್ಬೆರಳು ಒಂದು ಕ್ಷಣ ನಿಂತಿತು. 11.40ಕ್ಕೆ ಇನ್‌ಕಾಗ್ನಿಟೊ, ಅಂದರೆ ನೋಡಿದ್ದು ಹಿಸ್ಟರಿಯಲ್ಲಿ ಉಳಿಯದ ಬ್ರೌಸರ್ ಕಿಟಕಿ, ತೆರೆಯಿತು. ಒಂದೂವರೆಗೆ ಟ್ಯಾಬ್‌ಗಳನ್ನೆಲ್ಲ ಮುಚ್ಚಿ, ಗೋಡೆ ಕಡೆ ತಿರುಗಿ, "ಥೂ, ನಾಳೆಯಿಂದ ಇಲ್ಲ" ಅಂದ.

ಇವನು ಸೋತದ್ದು ಎಷ್ಟು ಗಂಟೆಗೆ? 11.40ಕ್ಕೆ ಅಂತ ಅವನ ಲೆಕ್ಕ. ಆ ನಿಮಿಷದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಿತ್ತು ಅಂತ ತನ್ನನ್ನು ಬೈದುಕೊಳ್ಳುತ್ತಾನೆ. ಆದರೆ ಆ ಹೊತ್ತಿಗೆ ಸಿಟ್ಟು, ಹಸಿವು, ಸುಸ್ತು, ಒಂಟಿತನ ನಾಲ್ಕೂ ಸೇರಿದ್ದವು. ಕತ್ತಲೆ, ಹಾಸಿಗೆ, ಫೋನು ಒಂದೇ ಕಡೆ ಕೂಡಿದ್ದವು. ಕೋತಿಗೆ ಸೂಚನೆ ಸಿಕ್ಕಾಗಿತ್ತು. ನನ್ನ ಪ್ರಕಾರ ಅವನು ಏನಾದರೂ ಮಾಡಬಹುದಾಗಿದ್ದದ್ದು ಏಳೂವರೆಯಿಂದ ಹತ್ತೂವರೆವರೆಗೆ. 11.40ರ ಹೊತ್ತಿಗೆ ಬಸ್ಸು ಸ್ಟ್ಯಾಂಡು ಬಿಟ್ಟಾಗಿತ್ತು.

ಈಗ ಮಾಲೆಯ ಕಡೆ ಬನ್ನಿ. ಮಾಲೆ ಹಾಕಿದವನ ಬಟ್ಟೆ ಬೇರೆ. ಮಲಗುವುದು ಚಾಪೆ ಮೇಲೆ. ಬೆಳಗಿನ ಜಾವ ತಣ್ಣೀರು ಸ್ನಾನ, ಹಾಗಾಗಿ ರಾತ್ರಿ ಬೇಗ ನಿದ್ದೆ. ಸಂಜೆ ಜೊತೆಯವರ ಜೊತೆ ಭಜನೆ, ಒಟ್ಟಿಗೆ ಊಟ. ಹೆಂಡತಿ ಮಕ್ಕಳಿಂದ ಹಿಡಿದು ಆಟೋದವನವರೆಗೆ ಎಲ್ಲರೂ "ಸ್ವಾಮಿ" ಅಂತಲೇ ಕರೆಯುತ್ತಾರೆ. ಹಳೇ ಸೂಚನೆಗಳಲ್ಲಿ ಎಷ್ಟು ಉಳಿದವು? ಹೆಚ್ಚುಕಡಿಮೆ ಯಾವುದೂ ಇಲ್ಲ. ಅವನು ಪ್ರತಿದಿನ ಆಸೆಯ ಜೊತೆ ಕುಸ್ತಿ ಆಡಲಿಲ್ಲ, ಕುಸ್ತಿಯ ಅಖಾಡವೇ ಇರಲಿಲ್ಲ. ಮಾಲೆ ತೆಗೆದ ದಿನ ಹಳೇ ಹಾಸಿಗೆ, ಹಳೇ ರಾತ್ರಿ, ದಿಂಬಿನ ಪಕ್ಕದ ಫೋನು ಎಲ್ಲ ವಾಪಸ್ ಬಂದವು. ಹಿಂದೆಯೇ ಚಟವೂ ಬಂತು.

"ನೆನೆಸಬಾರದು" ಅಂದರೆ ಯಾಕೆ ಜಾಸ್ತಿ ನೆನಪಾಗುತ್ತದೆ?

ಔಷಧಿ ಕುಡಿಯುವಾಗ ಕೋತಿಯನ್ನು ನೆನೆಸಬೇಡ ಅಂತ ವೈದ್ಯ ಹೇಳಿದ ಕತೆ ನಮಗೆಲ್ಲ ಗೊತ್ತು. ಲೋಟ ಎತ್ತಿದಾಗಲೆಲ್ಲ ಕೋತಿಯೇ. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಬಿಳಿ ಕರಡಿಯನ್ನು ನೆನೆಸಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ "ಈಗ ನೆನೆಸಬಹುದು" ಅಂದಾಗ, ಮೊದಲು ತಡೆದುಕೊಂಡಿದ್ದವರಿಗೇ ಕರಡಿ ಜಾಸ್ತಿ ಬಂತು.

ಹಾಗಾಗಿ ಬಂದ ಆಸೆಯನ್ನು ಒದ್ದು ಓಡಿಸುವುದನ್ನು ಈಗಿನ ಚಿಕಿತ್ಸಕರು ಹೇಳಿಕೊಡುವುದಿಲ್ಲ. ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞ ಆಸೆಯನ್ನು ಸಮುದ್ರದ ಅಲೆಗೆ ಹೋಲಿಸಿದರು. ಅಲೆ ಏಳುತ್ತದೆ, ತುದಿ ಮುಟ್ಟುತ್ತದೆ, ಒಡೆಯುತ್ತದೆ. ಎದೆಯೊಡ್ಡಿ ನಿಂತರೆ ಬೀಳಿಸುತ್ತದೆ. ಅದರ ಮೇಲೆ ತೇಲಿದರೆ ದಡಕ್ಕೆ ತರುತ್ತದೆ. ಮಾಡುವುದು ಇಷ್ಟೇ: ಎದ್ದು ಕೂತು, ಆಸೆ ಮೈಯಲ್ಲಿ ಎಲ್ಲಿದೆ ಅಂತ ಗಮನಿಸುವುದು. ಎದೆ ಬಡಿತವಾ, ಹೊಟ್ಟೆಯಲ್ಲಿ ಬಿಗಿತವಾ, ಕೈಯಲ್ಲಿ ಚಡಪಡಿಕೆಯಾ? "ಬಂದಿದೆ, ಇರಲಿ" ಅಂತ ನೋಡುತ್ತಾ ಉಸಿರಾಡುವುದು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅಲೆ ಇಳಿಯುತ್ತದೆ. ಮೊದಲ ಸಲ ನರಕ. ಹತ್ತನೇ ಸಲಕ್ಕೆ ಇದು ಇಳಿಯುವಂಥದ್ದೇ ಅಂತ ಮೈಗೇ ಗೊತ್ತಾಗಿರುತ್ತದೆ.

2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇದೇ ಜಾಡಿನ ಚಿಕಿತ್ಸೆಯೊಂದನ್ನು ಅಮೆರಿಕದ ಯೂಟಾದಲ್ಲಿ 6 ಗಂಡಸರಿಗೆ 8 ಸಲ ಕೂರಿಸಿ ಕೊಟ್ಟರು. ಅವರು ಪಾರ್ನ್ ನೋಡುವ ಸಮಯ ಸುಮಾರು 85 ಪರ್ಸೆಂಟ್ ಇಳಿಯಿತು. ಆರೇ ಜನ, ದೊಡ್ಡ ತೀರ್ಮಾನಕ್ಕೆ ಸಾಲದು. ಆದರೂ ಬೈಯದೆ, ಆಣೆ ಹಾಕಿಸದೆ ಆಯಿತಲ್ಲ.

ಮನೆಯಲ್ಲಿ ಏನು ಬದಲಿಸಬಹುದು?

ಒಂದೇ ಒಂದು ಕೆಲಸ ಮಾಡಿ ಅಂದರೆ ನಾನು ಹೇಳುವುದು: ಫೋನು ರಾತ್ರಿ ಮಲಗುವ ಕೋಣೆಯ ಹೊರಗಿರಲಿ. ಚಾರ್ಜರ್ ಅನ್ನು ಹಾಲ್‌ಗೋ ಅಡುಗೆಮನೆಗೋ ಸಾಗಿಸಿ. "ಅಲಾರಂ ಬೇಕಲ್ಲ" ಅನ್ನುತ್ತೀರಿ. ಅಂಗಡಿಯಲ್ಲಿ ಸೆಲ್ ಹಾಕುವ ಅಲಾರಂ ಗಡಿಯಾರ ಇನ್ನೂ ಸಿಗುತ್ತದೆ. ಪಿಜಿಯಲ್ಲಿ ಒಂದೇ ಕೋಣೆ ಇದ್ದರೆ, ಹಾಸಿಗೆಯಿಂದ ಕೈಗೆ ಎಟುಕದ ಮೂಲೆಯ ಪ್ಲಗ್ಗಾದರೂ ಆಗಲಿ. ಎದ್ದು, ದೀಪ ಹಾಕಿ, ನಾಲ್ಕು ಹೆಜ್ಜೆ ನಡೆಯಬೇಕಾದರೆ ಆ ನಾಲ್ಕು ಹೆಜ್ಜೆಯಲ್ಲಿ ಮನಸ್ಸಿಗೆ ಮಾತಾಡಲು ಸಮಯ ಸಿಗುತ್ತದೆ. ಸೈಬರ್ ಕೆಫೆಯ ಕಾಲದ ಆ "ಕಷ್ಟ"ವನ್ನು ಸ್ವಲ್ಪ ವಾಪಸ್ ತರುವುದು ಅಂದುಕೊಳ್ಳಿ.

ಫೋನಿಗೇ ಬೇಲಿ ಹಾಕಬಹುದು. ಆಂಡ್ರಾಯ್ಡ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇರುತ್ತದೆ. ಡಿಎನ್‌ಎಸ್ ಅಂದರೆ ಇಂಟರ್ನೆಟ್ಟಿನ ವಿಳಾಸ ಪುಸ್ತಕ. ವಯಸ್ಕರ ಸೈಟ್‌ಗಳನ್ನು ತೆಗೆದುಹಾಕಿದ ಪುಸ್ತಕವನ್ನು ಕ್ಲೌಡ್‌ಫ್ಲೇರ್‌ನಂಥ ಕಂಪನಿಗಳು ಉಚಿತವಾಗಿ ಕೊಡುತ್ತವೆ. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಒಳಗೆ ವಯಸ್ಕರ ಸೈಟ್ ತಡೆಯುವ ಆಯ್ಕೆ ಇದೆ. ಅದರ ಪಾಸ್‌ಕೋಡ್ ಅನ್ನು ಅಣ್ಣನೋ ಗೆಳೆಯನೋ ಹಾಕಿಕೊಡಲಿ, ನಿಮಗೆ ಹೇಳದಿರಲಿ. ಇದನ್ನು ದಾಟಲಾಗದು ಅಂತಲ್ಲ. ಬೇಲಿ ಇರುವುದು ಆನೆ ತಡೆಯಲು ಅಲ್ಲ, ಸುಮ್ನೆ ಅಡ್ಡಾಡಿಕೊಂಡು ಒಳಗೆ ಬರುವ ದನ ತಡೆಯಲು.

ಇನ್ನು ಖಾಲಿ ಜಾಗ. ದಿನಾ ಒಂದು ಗಂಟೆ ತಿನ್ನುತ್ತಿದ್ದದ್ದು ಹೋದರೆ ಆ ಗಂಟೆಗೆ ಏನಾದರೂ ಬೇಕು. "ಒಳ್ಳೆ ಪುಸ್ತಕ ಓದುತ್ತೇನೆ" ಅನ್ನುವ ಸಂಕಲ್ಪ ಸುಸ್ತಾದ ರಾತ್ರಿ ನಡೆಯುವುದಿಲ್ಲ. ಹಗುರವಾದದ್ದು, ಮೊದಲೇ ಗೊತ್ತು ಮಾಡಿದ್ದು ಬೇಕು. "ಮ್ಯಾನೇಜರ್ ಬೈದ ದಿನ ಬಸ್ಸಿಳಿದ ತಕ್ಷಣ ಅಕ್ಕನಿಗೆ ಫೋನ್ ಮಾಡುತ್ತೇನೆ." "ರೂಮ್‌ಮೇಟ್ ಇಲ್ಲದ ರಾತ್ರಿ ಊಟ ಹೊರಗೆ, ಗೆಳೆಯನ ಜೊತೆ." ಹೀಗಾದರೆ ಹೀಗೆ ಅಂತ ಮೊದಲೇ ಕಟ್ಟಿಟ್ಟ ಯೋಜನೆ, ಬರೀ "ಬಿಡುತ್ತೇನೆ" ಅನ್ನುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

"ಪೂರ್ತಿ" ಅಂದರೆ ಏನು?

ಮಿದುಳು ಕಲಿತದ್ದನ್ನು ಅಳಿಸುವುದಿಲ್ಲ. ಗದ್ದೆ ಬದುವಿನ ಕಾಲುದಾರಿಯಲ್ಲಿ ಓಡಾಟ ನಿಂತರೆ ಹುಲ್ಲು ಬೆಳೆಯುತ್ತದೆ, ಆದರೆ ದಾರಿ ಅಲ್ಲೇ ಇರುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳಲ್ಲಿ ಇದನ್ನು ಕಂಡಿದ್ದರು. ಗಂಟೆ ಬಾರಿಸಿ ಊಟ ಕೊಟ್ಟು ಕೊಟ್ಟು, ಗಂಟೆ ಕೇಳಿದರೇ ನಾಯಿ ಜೊಲ್ಲು ಸುರಿಸುವಂತಾಯಿತು. ಊಟ ಕೊಡದೆ ಬರೀ ಗಂಟೆ ಬಾರಿಸುತ್ತಾ ಹೋದಾಗ ಅದು ನಿಂತಿತು. ಗಂಟೆ ಕೇಳಿದರೂ ಜೊಲ್ಲು ಸುರಿಸದಂತಾಗಿದ್ದ ನಾಯಿ, ಕೆಲ ಕಾಲ ಬಿಟ್ಟು ಗಂಟೆ ಬಾರಿಸಿದರೆ ಮತ್ತೆ ಸುರಿಸಿತು. ಹಾಗಾಗಿ ಐದು ತಿಂಗಳಾದ ಮೇಲೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಆಸೆ ಎದ್ದರೆ, ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂತ ಅಲ್ಲ. ಅದು ಬರುವಂಥದ್ದೇ.

ಒಮ್ಮೆ ಜಾರಿದರೂ ಲೆಕ್ಕ ಸೊನ್ನೆಗೆ ಬರುವುದಿಲ್ಲ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸ ಅಭ್ಯಾಸ ಮೈಗೆ ಹತ್ತಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. 21 ದಿನದಲ್ಲಿ ಅಭ್ಯಾಸವಾಗುತ್ತದೆ, 90 ದಿನ ಬಿಟ್ಟರೆ ಚಟ ಹೋಗುತ್ತದೆ ಅಂತ ಜನ ಹೇಳುವ ಎರಡು ಮಾತಿಗೂ ಇದರಲ್ಲಿ ಆಧಾರವಿಲ್ಲ.

ನಷ್ಟವಾಗುವುದು ಜಾರಿದ ನಂತರದ ಒಂದು ಗಂಟೆಯಲ್ಲಿ. "ಛೇ, 47 ದಿನ ಹಾಳಾಯಿತು. ಹೇಗೂ ಆಗಿಹೋಯಿತಲ್ಲ, ಇವತ್ತೊಂದು ದಿನ ನೋಡಿಬಿಡೋಣ." ಏಕಾದಶಿ ಉಪವಾಸದಲ್ಲಿ ಮರೆತು ಒಂದು ಚಕ್ಕುಲಿ ಬಾಯಿಗೆ ಹಾಕಿಕೊಂಡವನು "ಹೇಗೂ ಕೆಟ್ಟಿತು" ಅಂತ ಡಬ್ಬ ಖಾಲಿ ಮಾಡುವ ಹಾಗೆ. ಮಾರ್ಲಟ್ ಇದರ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದರು. ಒಂದು ಜಾರುವಿಕೆಯನ್ನು ಹಳೇ ಚಟಕ್ಕೆ ತಿರುಗಿಸುವುದು ಬಹಳ ಸಲ ಈ ನಾಚಿಕೆಯೇ ಅಂದರು. ನಾಚಿಕೆ ನೋವು ಕೊಡುತ್ತದೆ, ನೋವಿಗೆ ಗೊತ್ತಿರುವ ಮದ್ದು ಒಂದೇ, ಮತ್ತೆ ಫೋನು.

ಆ ಗಂಟೆಯಲ್ಲಿ ಮಾಡಬೇಕಾದದ್ದು ಸಣ್ಣದು. ಫೋನು ಹಾಲ್‌ಗೆ ಹೋಗಲಿ. ಮುಖ ತೊಳೆಯಿರಿ. ಒಂದು ಹಾಳೆ ತಗೊಂಡು ಎಷ್ಟು ಗಂಟೆ, ಎಲ್ಲಿದ್ದೆ, ಸಂಜೆ ಏನಾಗಿತ್ತು, ಊಟ ಆಗಿತ್ತಾ ಅಂತ ನಾಲ್ಕು ಸಾಲು ಬರೆಯಿರಿ. ಆರು ಹಾಳೆ ಸೇರಿದಾಗ ಆರರಲ್ಲಿ ನಾಲ್ಕು ಭಾನುವಾರ ರಾತ್ರಿ ಅಂತ ಕಾಣಬಹುದು. ಆಗ ಏನಾದರೂ ಮಾಡಬೇಕಾದದ್ದು ಭಾನುವಾರ ಸಂಜೆಗೆ.

ಯಾರ ಹತ್ತಿರ ಹೋಗುವುದು?

ಒಬ್ಬರೇ ಆಗುತ್ತಿಲ್ಲ ಅನ್ನಿಸಿದರೆ, ಅಥವಾ ಇದರ ಹಿಂದೆ ಬೇಸರ, ಆತಂಕ, ಸಾಯುವ ಯೋಚನೆ ಇದ್ದರೆ ಕಾಯಬೇಡಿ. ಖಿನ್ನತೆಗೆ ಚಿಕಿತ್ಸೆ ಸಿಕ್ಕಿದಾಗ ಚಟದ ಬಿಗಿಯೂ ಸಡಿಲವಾಗುವುದುಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಇಂಟರ್ನೆಟ್ಟಿನ ಅತಿಬಳಕೆಗಾಗಿಯೇ 2014ರಿಂದ "ಶಟ್" ಕ್ಲಿನಿಕ್ ಇದೆ. ದೂರದ ಊರಿನವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೆಂಗಸರೂ ಮಾಡಬಹುದು. ಈ ಚಟ ಗಂಡಸರಿಗೆ ಮಾತ್ರ ಅನ್ನುವುದೂ ಒಂದು ತಪ್ಪು ತಿಳಿವಳಿಕೆ.

ಒಂದು ವಿಷಯದಲ್ಲಿ ಮಾತ್ರ ಸಡಿಲಿಕೆ ಇಲ್ಲ. ಮಕ್ಕಳನ್ನು ಬಳಸಿ ಮಾಡಿದ ವಿಡಿಯೊ ನೋಡುವುದು, ಇಟ್ಟುಕೊಳ್ಳುವುದು ಅಪರಾಧ ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟ ಮಾಡಿದೆ. ಮನಸ್ಸು ಆ ಕಡೆ ಎಳೆಯುತ್ತಿದ್ದರೆ ಇವತ್ತೇ ಮನೋವೈದ್ಯರನ್ನು ಕಾಣಬೇಕು.

ಮೊದಲ ಭೇಟಿಯಲ್ಲಿ ಏನು ಕೇಳುತ್ತಾರೋ ಅಂತ ಜನ ಹೆದರುತ್ತಾರೆ. ಏನು ನೋಡಿದೆ, ಯಾಕೆ ನೋಡಿದೆ, ನಾಚಿಕೆ ಆಗಲ್ವಾ ಅಂತ ಕೇಳಿಬಿಟ್ಟರೆ? ಆಪ್ತಸಮಾಲೋಚಕರಿಗೆ ಬೇಕಿರುವುದು ಅದಲ್ಲ. ಅವರು ಕೇಳುವುದು ಹೀಗಿರುತ್ತದೆ: "ಮೊನ್ನೆ ನೋಡಿದಿರಲ್ಲ, ಅದಕ್ಕೆ ಎರಡು ಗಂಟೆ ಮುಂಚೆ ಎಲ್ಲಿದ್ದಿರಿ? ಊಟ ಮಾಡಿದ್ರಾ?"